ಅಪ್ಪನಂಥ ಕಂಪ್ಯೂಟರ್

ಅಟ್ಟದ ಮೇಲಿದ್ದ ಹಳೇ ಕಂಪ್ಯೂಟರನ್ನು ಕೆಳಗಿಳಿಸಿದ್ದು ಮೇ ತಿಂಗಳ ಒಂದು ಭಾನುವಾರ. ರಾಯಚೂರಿನ ಮೇ ತಿಂಗಳಲ್ಲಿ ಬುದ್ಧಿ ಇದ್ದವರು ಮಧ್ಯಾಹ್ನ ಕೂಲರ್ ಮುಂದೆ ಅಡ್ಡಾಗುತ್ತಾರೆ. ನಾನು ಸ್ಕ್ರೂಡ್ರೈವರ್ ಹಿಡಿದು ಕೂತೆ.

2004ರಲ್ಲಿ ಕೊಂಡ ಪೆಂಟಿಯಮ್ 4 ಅದು. ದಿಂಬಿನ ಕವರ್ ಹೊದ್ದು ಹನ್ನೆರಡು ವರ್ಷ ಮಲಗಿತ್ತು. ಬಿಚ್ಚಿ ನೋಡಿದರೆ ಫ್ಯಾನಿನ ಪಕ್ಕ ಎರಡು ಹಲ್ಲಿ ಮೊಟ್ಟೆಯ ಚಿಪ್ಪು. ಯಾರೋ ಬಾಡಿಗೆ ಕೊಡದೆ ಸಂಸಾರ ಮಾಡಿ ಖಾಲಿ ಮಾಡಿಕೊಂಡು ಹೋಗಿದ್ದರು. ರ‍್ಯಾಮ್ 512 ಎಂಬಿ. ವಿಂಡೋಸ್ 11 ಕೇಳುವುದೇ ಕನಿಷ್ಠ 4 ಜಿಬಿ, ಅಂದರೆ ಇದರ ಎಂಟು ಪಟ್ಟು. ಹಾಗಾಗಿ ವಿಂಡೋಸ್ ಬದಲು ಪುಕ್ಕಟೆ ಸಿಗುವ ಡೆಬಿಯನ್ ಲಿನಕ್ಸ್ ಹಾಕೋಣ ಅಂದುಕೊಂಡೆ, ಅದೂ ಬರೀ ಕಮಾಂಡ್ ಲೈನ್, ಅಂದರೆ ಎಲ್ಲವನ್ನೂ ಅಕ್ಷರದಲ್ಲೇ ಹೊಡೆದು ಹೇಳಬೇಕು. ಐಕಾನ್ ಇಲ್ಲ, ಮೌಸ್‌ಗೆ ಕೆಲಸ ಇಲ್ಲ. ಕಪ್ಪು ಪರದೆ, ಅದರ ಮೇಲೆ ಮಿಣಿಮಿಣಿ ಅನ್ನುವ ಒಂದು ಗೆರೆ, ಅಷ್ಟೇ. ಹೊಸ ಡೆಬಿಯನ್ 13ಕ್ಕೆ ಇದರಂಥ ಹಳೇ 32 ಬಿಟ್ ಯಂತ್ರಗಳ ಇನ್‌ಸ್ಟಾಲರ್ ಇಲ್ಲ. ಅದರ ಹಿಂದಿನ 12ನ್ನೇ ಇಳಿಸಿಕೊಂಡೆ.

ಡೆಬಿಯನ್ ಶುರು ಮಾಡಿದ್ದು ಇಯಾನ್ ಮರ್ಡಾಕ್, 1993ರಲ್ಲಿ. ಆಗಿನ ಗೆಳತಿ ಡೆಬ್ರಾಳ ಹೆಸರಿಗೆ ತನ್ನ ಹೆಸರು ಕೂಡಿಸಿ ಡೆಬಿಯನ್ ಅಂತ ಇಟ್ಟ. ಇದನ್ನು ಹೆಂಡತಿಗೆ ಹೇಳಿದೆ, ಸ್ವಲ್ಪ ಮೆಚ್ಚಲಿ ಅಂತ. "ನಮ್ಮಿಬ್ಬರ ಹೆಸರು ಕೂಡಿರೋದು ಮನಿ ಸಾಲದ ಪಾಸ್‌ಬುಕ್ಕಿನಾಗ ಮಾತ್ರ ನೋಡ್ರಿ" ಅಂದು ಒಳಗೆ ಹೋದಳು.

ಪೆನ್‌ಡ್ರೈವನ್ನು ಆ ಮುದುಕ ಗುರುತೇ ಹಿಡಿಯಲಿಲ್ಲ. ಡಿವಿಡಿ ಬೇಕಾಯಿತು. ಈಗಿನ ಕಾಲದಲ್ಲಿ ಖಾಲಿ ಡಿವಿಡಿ ಎಲ್ಲಿ ಸಿಗಬೇಕು? ತೀನ್ ಕಂದೀಲ್ ಸುತ್ತ ನಾಲ್ಕು ಅಂಗಡಿ ತಿರುಗಿದ ಮೇಲೆ ಒಂದು ಫೋಟೋ ಸ್ಟುಡಿಯೋದ ಡ್ರಾಯರಿನ ತಳದಲ್ಲಿ ಒಂದು ಸಿಕ್ಕಿತು. "ಯಾರ ಮದುವಿ ರೀ?" ಅಂತ ಕೇಳಿದರು ಅಂಗಡಿಯವರು. ಲಿನಕ್ಸ್ ಅಂದರೆ ಮಾತು ಉದ್ದ ಆಗುತ್ತೆ ಅಂತ, ನಮ್ಮ ಸಂಬಂಧಿಕರದು ಅಂದೆ.

ನಮ್ಮ ಪಡಸಾಲೆಯಲ್ಲಿ ನಂಬುವಂಥ ಪ್ಲಗ್ ಪಾಯಿಂಟ್ ಒಂದೇ. ಅದು ಕೂಲರಿನದು. ಅವ್ವ ಒಳಗೆ ಮಲಗಿದ್ದ ಹೊತ್ತು ನೋಡಿ ಕೂಲರ್ ತೆಗೆದು ಕಂಪ್ಯೂಟರ್ ಚುಚ್ಚಿದೆ. ಇನ್‌ಸ್ಟಾಲ್ 63 ಪರ್ಸೆಂಟಿಗೆ ಬಂದಿತ್ತು. ಮುಖ ತೊಳೆಯಲು ಹೋಗಿ ಬರುವಷ್ಟರಲ್ಲಿ ಕೂಲರ್ ಬುಸ್ ಅಂತ ತಿರುಗುತ್ತಿದೆ, ಅವ್ವ ಅದರ ಮುಂದೆ ಕಾಲು ಚಾಚಿ ಕೂತಿದ್ದಾಳೆ.

"ಅವ್ವಾ, ಅದನ್ಯಾಕ ತಗದಿ?"

"ಒಂದಾ ಕಡೆ ನಿಂತಿತ್ತಪಾ. ನಡೀವಲ್ದು ಅಂತ ತಗದೆ."

ಮೊದಲಿನಿಂದ ಶುರು. ಮದರ್‌ಬೋರ್ಡಿನ ಗುಂಡು ಸೆಲ್ ಬೇರೆ ಸತ್ತಿತ್ತು. ಪ್ಲಗ್ ಕಿತ್ತಾಗಲೆಲ್ಲ ಕಂಪ್ಯೂಟರ್ 2002ರ ಜನವರಿ 1ಕ್ಕೆ ಹೋಗಿ ಕೂರುತ್ತಿತ್ತು. ಅಂದರೆ ನಮ್ಮ ಮನೆಗೆ ಬರುವುದಕ್ಕೂ ಮೊದಲಿನ ಕಾಲಕ್ಕೆ, ತವರುಮನೆಗೆ. 2002ರಲ್ಲಿ ನನ್ನ ತೂಕ 54 ಕೆಜಿ ಇತ್ತು. ಅದೇನೂ ಕೆಟ್ಟ ವರ್ಷ ಅಲ್ಲ ಬಿಡಿ. ಆದರೂ ಗಡಿಯಾರದ ಅಂಗಡಿಯಿಂದ ಒಂದು ಸೆಲ್ ತಂದು ಹಾಕಿದೆ.

ಸಂಜೆಗೆ ಅಂತೂ ಕಪ್ಪು ಪರದೆ ಬಂತು. ಹೆಸರು ಕೇಳಿತು, ಕೊಟ್ಟೆ. ಪಾಸ್‌ವರ್ಡ್ ಕೇಳಿತು. ಹೊಡೆದರೆ ಒಂದು ಚುಕ್ಕೆಯೂ ಮೂಡಲಿಲ್ಲ. ಕೀಬೋರ್ಡ್ ಕೆಟ್ಟಿದೆ ಅಂದುಕೊಂಡು ಬೋರಲು ಹಾಕಿ ಬಡಿದೆ. ಇಪ್ಪತ್ತು ವರ್ಷದ ಮಂಡಾಳು, ಒಂದು ಮಿರ್ಚಿ ತೊಟ್ಟು ಉದುರಿತು. ಆಮೇಲೆ ಗೊತ್ತಾಯಿತು: ಅಲ್ಲಿ ಪಾಸ್‌ವರ್ಡ್ ಹೊಡೆದರೆ ಏನೂ ಕಾಣಿಸುವುದಿಲ್ಲ. ಎಷ್ಟು ಅಕ್ಷರ ಅಂತ ಹಿಂದೆ ನಿಂತವರಿಗೂ ತಿಳಿಯಬಾರದಂತೆ. ನನ್ನ ಹಿಂದೆ ನಿಂತಿದ್ದವಳು ಅವ್ವ ಒಬ್ಬಳೇ.

ಒಂದು ಫೈಲನ್ನು ಬೇರೆ ಕಡೆ ಸರಿಸಲು ಕಮಾಂಡ್ ಕೊಟ್ಟೆ. ಗೆರೆ ಮುಂದಿನ ಸಾಲಿಗೆ ಬಂದು ಮಿಣಿಮಿಣಿ ಅಂದಿತು.

"ಏನಂತು?" ಅವ್ವ ಕೇಳಿದಳು.

"ಏನೂ ಅನ್ನಲಿಲ್ಲ."

"ಹಂಗಾದ್ರ ಆಗೇತಿ ಬಿಡು. ನಿಮ್ಮಪ್ಪನೂ ಹಂಗಾ. ತಪ್ಪಾದ್ರಷ್ಟಾ ಬಾಯಿ ಬಿಡೋದು."

ನೋಡಿದರೆ ಆಗಿತ್ತು! ನಾನು ಮೂರು ಸಂಜೆ ಓದಿ ಅರ್ಥ ಮಾಡಿಕೊಂಡಿದ್ದನ್ನು ಅವ್ವ ನಲವತ್ತೈದು ವರ್ಷದ ಸಂಸಾರದಿಂದ ಹೇಳಿಬಿಟ್ಟಳು. ಅಪ್ಪ ಹತ್ತಿ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆದವರು. ಊಟಕ್ಕೆ ಉಪ್ಪು ಸರಿ ಇದ್ದರೆ ಮಾತಿಲ್ಲ, ಜಾಸ್ತಿಯಾದರೆ ಒಂದೇ ಶಬ್ದ.

ಕಂಪ್ಯೂಟರ್ ಬಾಯಿ ಬಿಟ್ಟಿದ್ದು ಸುಡೋ ಅನ್ನುವ ಕಮಾಂಡ್ ಕೊಟ್ಟಾಗ. ಯಜಮಾನನ ಅಧಿಕಾರದಲ್ಲಿ ಕೆಲಸ ಮಾಡಿಸುವ ಕಮಾಂಡ್ ಅದು. ನಿನ್ನ ಹೆಸರು ಪಟ್ಟಿಯಲ್ಲಿಲ್ಲ, ವಿಷಯವನ್ನು ಮೇಲಿನವರಿಗೆ ತಿಳಿಸಿದ್ದೇನೆ ಅಂದಿತು. ನನ್ನ ಮನೆ, ನನ್ನ ಕಂಪ್ಯೂಟರ್, ನನ್ನ ಕರೆಂಟ್ ಬಿಲ್ಲು, ನನ್ನ ಮೇಲೇ ದೂರು! ಆ ಮೇಲಿನವರು ಅಂದರೆ ರೂಟ್, ಕಂಪ್ಯೂಟರಿನ ಯಜಮಾನನ ಖಾತೆ. ರೂಟ್ ಅಂದರೂ ನಾನೇ. ರೂಟಾಗಿ ಒಳಗೆ ಹೋಗಿ, ನನ್ನ ಹೆಸರನ್ನು ಪಟ್ಟಿಗೆ ಸೇರಿಸಿ, ನನ್ನನ್ನು ನಾನೇ ಕ್ಷಮಿಸಿ ಹೊರಗೆ ಬಂದೆ.

ಎಲ್ಲ ಮುಗಿದ ಮೇಲೆ ಅಪ್ಪ ಬಂದು ನಿಂತರು. ಕನ್ನಡಕ ಸರಿ ಮಾಡಿಕೊಂಡು "ಏನ್ ಮಾಡ್ತದ ಇದು?" ಅಂದರು. ಏನಾದರೂ ತೋರಿಸಲೇಬೇಕಲ್ವಾ? ಕ್ಯಾಲ್ ಅಂತ ಹೊಡೆದೆ. ಆ ತಿಂಗಳ ಕ್ಯಾಲೆಂಡರ್ ಪರದೆಯ ಮೇಲೆ ಸಾಲಾಗಿ ಮೂಡಿತು. ಅಪ್ಪ ಬಗ್ಗಿ ನೋಡಿದರು.

"ಅಮಾಸಿ ಎಲ್ಲೈತಿ?"

ಅಮಾವಾಸ್ಯೆ ಇರಲಿಲ್ಲ. ಹಟ ಬಂತು. ರಾತ್ರಿ ಹತ್ತೂವರೆಯವರೆಗೆ ಹುಡುಕಿ ಬಿಎಸ್‌ಡಿ ಗೇಮ್ಸ್ ಅನ್ನುವ ಆಟಗಳ ಗಂಟನ್ನು ಇಳಿಸಿದೆ. ಅದರಲ್ಲಿ ಪಾಮ್ ಅಂತ ಒಂದು ಕಮಾಂಡ್ ಇದೆ, ಚಂದ್ರನ ಕಲೆ ಹೇಳುತ್ತದೆ. ಹೊಡೆದೆ. ಚಂದ್ರ ಕ್ಷೀಣಿಸುತ್ತಿದ್ದಾನೆ, ಉಳಿದಿದ್ದು ಶೇಕಡಾ 4 ಅಂತು.

"ಅಪ್ಪಾ, ಚಂದ್ರ ನೂರಕ್ಕೆ ನಾಲ್ಕು ಪಾಲು ಉಳಿದಾನ!"

ಅಪ್ಪ ಮಲಗಿದಲ್ಲಿಂದಲೇ ಗೋಡೆಯ ಕ್ಯಾಲೆಂಡರ್ ಕಡೆ ಕಣ್ಣು ತಿರುಗಿಸಿದರು.

"ನಾಡಿದ್ದು ಅಮಾಸಿ. ಅದನ್ನ ಆರಿಸಿ ಕೂಲರ್ ಹಚ್ಚು."