14 ಸಾವಿರದ ಬರಿಗಾಲು

ಆಷಾಢದ ಮಳೆ ಹಿಡಿಯುತ್ತಿದ್ದಂತೆ ಬೆಂಗಳೂರಿಗೆ ಜ್ಞಾನೋದಯವಾಗಿದೆ. ಎಂಟ್ರಿ ಫೀಸು ಕಟ್ಟಿ ಮಲೆನಾಡಿನ ಕೆಸರಿನಲ್ಲಿ ಓಡಬೇಕಂತೆ, ಅದೂ ಬರಿಗಾಲಿಗೆ ಆದಷ್ಟು ಹತ್ತಿರವಾಗಿ. ಮೊಬೈಲ್ ತೆರೆದರೆ ಅದೇ ಜಾಹೀರಾತು: ಐದು ಬೆರಳಿಗೆ ಐದು ಚೀಲ ಹೊಲಿದ ಶೂ, ಹಪ್ಪಳದಷ್ಟು ತೆಳು ಅಟ್ಟೆ, ಬೆಲೆ 14 ಸಾವಿರ. ಹಾಕಿಕೊಂಡರೆ ಏನೂ ಹಾಕಿಕೊಂಡಿಲ್ಲ ಅನಿಸುತ್ತದಂತೆ. ಏನೂ ಹಾಕಿಕೊಳ್ಳದಿದ್ದರೂ ಹಾಗೇ ಅನಿಸುತ್ತದಲ್ಲ ಎಂದು ಕೇಳಿದರೆ ನೀವು ಹಳ್ಳಿ ಗಮಾರ.

ಇದಕ್ಕೆ ಮಿನಿಮಲಿಸ್ಟ್ ರನ್ನಿಂಗ್ ಅನ್ನುತ್ತಾರೆ. ಪೂರ್ತಿ ಬುರುಡೆಯೇನಲ್ಲ. ದಪ್ಪ ಶೂ ತೊಟ್ಟವರು ಸಾಮಾನ್ಯವಾಗಿ ಹಿಮ್ಮಡಿ ಕುಟ್ಟಿ ಓಡುತ್ತಾರೆ, ಬರಿಗಾಲಿನವರು ಮುಂಗಾಲು ಊರಿ ಹಗುರಾಗಿ ಹೋಗುತ್ತಾರೆ. ಇಥಿಯೋಪಿಯಾದ ಅಬೆಬೆ ಬಿಕಿಲ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಲ್ಲೇ ಗೆದ್ದರು. ನಾಲ್ಕು ವರ್ಷದ ಮೇಲೆ ಟೋಕಿಯೋದಲ್ಲಿ ಶೂ ಹಾಕಿಕೊಂಡು ಇನ್ನೂ ಬೇಗ ಓಡಿ ಮತ್ತೆ ಗೆದ್ದರು ಅನ್ನುವುದನ್ನು ಮಾತ್ರ ಈ ಪಂಥದವರು ಸದ್ದಿಲ್ಲದೆ ನುಂಗುತ್ತಾರೆ. ಬೆರಳಿನ ಶೂ ಮಾಡುವ ವಿಬ್ರಾಂ ಕಂಪನಿಯಂತೂ ಪಾದಕ್ಕೆ ಬಲ ಬರುತ್ತದೆ ಎಂದೆಲ್ಲ ಹೇಳಿ, ಅಮೆರಿಕದ ಗ್ರಾಹಕರು ಕೋರ್ಟಿಗೆ ಹೋದಾಗ 2014ರಲ್ಲಿ 37.5 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು.

ನಮ್ಮ ಕಡೆ ಮಳೆಗಾಲದ ಬದುಕಿನ ಅರ್ಧ ಬುದ್ಧಿ ಖರ್ಚಾಗುವುದೇ ಕೆಸರು ತುಳಿಯದಿರುವುದಕ್ಕೆ. ಅಂಗಳದಲ್ಲಿ ಹಾವಸೆ ಕಟ್ಟಿ ಜಾರುತ್ತದೆಂದು ಬಾಗಿಲಿಂದ ಕೊಟ್ಟಿಗೆವರೆಗೆ ಅಡಿಕೆ ದಬ್ಬೆ ಹಾಸುತ್ತೇವೆ. ತೋಟಕ್ಕೆ ಹೋಗುವವನು ಮೊಣಕಾಲವರೆಗೆ ಗಂಬೂಟು ಏರಿಸುತ್ತಾನೆ. ಗಂಬೂಟಿಲ್ಲದವನು ಇಂಬಳ, ಅಂದರೆ ಜಿಗಣೆ, ಹತ್ತದಿರಲೆಂದು ಕಾಲಿಗೆ ಸುಣ್ಣ, ಹೊಗೆಸೊಪ್ಪು ಬಳಿದುಕೊಳ್ಳುತ್ತಾನೆ. ನಟ್ಟಿ ಮಾಡುವ ಹೆಂಗಸರಿಗೆ ಬೆರಳ ಸಂದಿಯಲ್ಲಿ ಕೆಸರುಹುಣ್ಣಾಗಿ, ರಾತ್ರಿ ಮದರಂಗಿ ಸೊಪ್ಪು ಅರೆದು ಹಚ್ಚಿಕೊಂಡು, ಬೆಳಿಗ್ಗೆ ಮತ್ತೆ ಅದೇ ಗದ್ದೆಗೆ ಇಳಿಯುತ್ತಾರೆ. ಒಡೆದ ಕಾಲಿಗೆ ಕೊಳಕು ನೀರು ತಾಗಿದರೆ ಇಲಿಜ್ವರ, ಬರಿಗಾಲಲ್ಲಿ ಹಸಿ ಮಣ್ಣು ತುಳಿದರೆ ಕೊಕ್ಕೆಹುಳು. ಇಷ್ಟೂ ಅನುಭೂತಿಯನ್ನು ನಮ್ಮವರು ಒಂದು ಪೈಸೆ ಎಂಟ್ರಿ ಫೀಸು ಕೊಡದೆ ತಲೆತಲಾಂತರದಿಂದ ಬಾಚಿಕೊಂಡಿದ್ದಾರೆ. ಎಂಥ ಅನ್ಯಾಯ!

ಕೆಸರಿನಲ್ಲಿ ಓಡುವವರನ್ನು ನೋಡಲೇಬೇಕಿದ್ದರೆ ಘಟ್ಟ ಇಳಿದು ಕಂಬಳಕ್ಕೆ ಹೋಗಿ. 2020ರ ಫೆಬ್ರುವರಿ ನೆನಪಿದೆಯಲ್ಲ? ಐಕಳದಲ್ಲಿ ಶ್ರೀನಿವಾಸ ಗೌಡರು ಬರಿಗಾಲಲ್ಲಿ ಕೋಣಗಳ ಹಿಂದೆ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಕ್ಯಾಲ್ಕುಲೇಟರ್ ಒತ್ತಿ 100 ಮೀಟರಿಗೆ 9.55 ಅಂದದ್ದೇ ತಡ, ಉಸೇನ್ ಬೋಲ್ಟ್ ಸೋತುಹೋದ! ಕೇಂದ್ರದ ಕ್ರೀಡಾ ಸಚಿವರು ಟ್ರಯಲ್‌ಗೆ ಕರೆದರು, ಸನ್ಮಾನದ ಶಾಲುಗಳು ಬಿದ್ದವು. ಎಳೆದುಕೊಂಡು ಹೋದ ಕೋಣಗಳನ್ನು ಮಾತ್ರ ಯಾರೂ ಟ್ರಯಲ್‌ಗೆ ಕರೆಯಲಿಲ್ಲ. ಇಡೀ ಗದ್ದಲದಲ್ಲಿ ತಲೆ ನೆಟ್ಟಗಿದ್ದದ್ದು ಗೌಡರೊಬ್ಬರದೇ: ಬೋಲ್ಟ್ ವಿಶ್ವಚಾಂಪಿಯನ್, ನಾನು ಕೆಸರುಗದ್ದೆಯಲ್ಲಿ ಓಡುವವನು ಎಂದು ಹೇಳಿ ಸುಮ್ಮನಾದರು. ಟ್ರಯಲ್‌ಗೂ ಹೋಗಲಿಲ್ಲ.

ಈ ಮಿನಿಮಲಿಸಂನ ನಿಜವಾದ ಹರಿಕಾರರು ಯಾರೆಂದರೆ ನಮ್ಮ ಘನ ಸರ್ಕಾರಗಳು. 2022ರಲ್ಲಿ ಶಾಲೆ ಶುರುವಾದರೂ ಮಕ್ಕಳಿಗೆ ಶೂ-ಸಾಕ್ಸ್ ಇಲ್ಲ ಎಂದು ವಿರೋಧ ಪಕ್ಷದವರು ಕೂಗಿದರು. ಜುಲೈನಲ್ಲಿ, ಮಳೆ ಜಡಿಯುವಾಗ, 132 ಕೋಟಿ ಬಿಡುಗಡೆಯಾಯಿತು. ಮಕ್ಕಳ ಪಾದದ ಸ್ನಾಯು ಬಲಿಯಲಿ ಎಂಬ ದೂರದೃಷ್ಟಿಯನ್ನು ಪಾಪ, ಆಗ ಯಾರೂ ಅರ್ಥ ಮಾಡಿಕೊಳ್ಳಲಿಲ್ಲ. ಮಿನಿಮಲಿಸ್ಟ್ ರಸ್ತೆ ಇದೆ, ಒಂದೇ ಒಂದು ಅಡಿಕೆ ಮರದ ಮಿನಿಮಲಿಸ್ಟ್ ಸೇತುವೆ ಇದೆ. ಅದನ್ನು ನಾವು ಕಾಲುಸಂಕ ಅನ್ನುತ್ತೇವೆ.

ಅದೇ ವರ್ಷ ಆಗಸ್ಟಿನಲ್ಲಿ ಬೈಂದೂರು ಕಡೆ ಶಾಲೆ ಬಿಟ್ಟು ಮನೆಗೆ ಹೋಗುತ್ತಿದ್ದ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದಳು. ಮಂತ್ರಿಗಳು ಬಂದರು, ಅಧಿಕಾರಿಗಳು ಬಂದರು, ಕಾಲುಸಂಕಗಳ ಪಟ್ಟಿ ಮಾಡಿ ಅಂದರು. ಪ್ರತಿ ಮಳೆಗಾಲಕ್ಕೂ ಒಂದು ಪಟ್ಟಿ. ಇದರಲ್ಲಿ ತಮಾಷೆ ಹುಡುಕಿ ಹುಡುಕಿ ನನಗೂ ಸಾಕಾಗಿದೆ. ಆಗುಂಬೆಯ ಮಳೆಯನ್ನು ಪ್ರವಾಸೋದ್ಯಮದ ಪೋಸ್ಟರಿಗೆ ಹಾಕಲು ದುಡ್ಡಿದೆ, ಆ ಮಳೆಯಲ್ಲಿ ಮಗು ಹಳ್ಳ ದಾಟಲು ಎರಡು ಕಾಂಕ್ರೀಟ್ ಹಲಗೆಗೆ ಇಲ್ಲ. ಅಷ್ಟೇ ವಿಷಯ.

ಓಟಗಾರರ ಮೇಲೆ ನನಗೆ ಸಿಟ್ಟಿಲ್ಲ. ಸ್ವಂತ ದುಡ್ಡು, ಸ್ವಂತ ಕಾಲು, ಬಿದ್ದರೆ ಸ್ವಂತ ಹಲ್ಲು. ಬಂದವರಿಗೆ ಒಂದು ಮಾತು: ಹಲ್ಲಿಲ್ಲದ ಆ ನುಣುಪು ಅಟ್ಟೆ ನೆನೆದ ಜೇಡಿಮಣ್ಣಿನ ಮೇಲೆ ಎಲ್ಲೂ ಹಿಡಿಯುವುದಿಲ್ಲ. ಇಳಿಜಾರಿನಲ್ಲಿ ಹೆಜ್ಜೆ ಗಿಡ್ಡ ಮಾಡಿ, ಮಂಡಿ ಸ್ವಲ್ಪ ಬಗ್ಗಿಸಿಕೊಂಡೇ ಇಳಿಯಿರಿ. ಥಂಡಿಗೆ ಪಾದ ಮರಗಟ್ಟಿದ ಮೇಲೆ ಕಲ್ಲು ಕೊಯ್ದದ್ದೂ ಗೊತ್ತಾಗುವುದಿಲ್ಲ. ನೆಲದ ಸ್ಪರ್ಶ ಅನುಭವಿಸಲು ಕೊಟ್ಟ 14 ಸಾವಿರ ಅಲ್ಲಿಗೆ ಗೋವಿಂದ.

ಇನ್ನು ಆಯೋಜಕರಿಗೆ. ನಿಮ್ಮ ಓಟದ ದಾರಿಯಲ್ಲಿ ಹಳ್ಳ ಬಂದರೆ ಶನಿವಾರವೇ ಬಂದು ಈ ಮರದಿಂದ ಆ ಮರಕ್ಕೆ ದಪ್ಪ ಹಗ್ಗ ಕಟ್ಟುತ್ತೀರಿ, ಸೀಟಿ ಕೊಟ್ಟು ಇಬ್ಬರನ್ನು ನಿಲ್ಲಿಸುತ್ತೀರಿ. ಒಳ್ಳೆಯ ಕೆಲಸ. ಭಾನುವಾರ ಸಂಜೆ ಬ್ಯಾನರು ಬಿಚ್ಚಿ, ಬಾಳೆಹಣ್ಣಿನ ಸಿಪ್ಪೆ ಬಿಟ್ಟು, ಹಗ್ಗ ಸುತ್ತಿಕೊಂಡು ಹೋಗುತ್ತೀರಿ. ಸೋಮವಾರ ಶಾಲೆ ಇರುತ್ತದೆ. ಸಿಪ್ಪೆ ತಗೊಂಡು ಹೋಗಿ, ಹಗ್ಗ ಬಿಟ್ಟು ಹೋಗಿ ಮಾರಾಯ್ರೆ. ಬಾಡಿಗೆ ಎಷ್ಟು ಅಂತ ಹೇಳಿದರೆ ಊರವರೇ ಚಂದಾ ಎತ್ತಿ ಕೊಡುತ್ತೇವೆ.