ಪಂಚವೀಸ್ ಮತ್ತು ಇಪ್ಪತ್ತೈದು

ಪುಣೆಗೆ ಬಂದ ಹೊಸದರಲ್ಲಿ ಮಹಾತ್ಮಾ ಫುಲೆ ಮಂಡೈಯ ತರಕಾರಿಯವರು "ಪಂಚವೀಸ್" ಎಂದರೆ ನಾನು ಅರೆಕ್ಷಣ ನಿಂತು ಲೆಕ್ಕ ಹಾಕುತ್ತಿದ್ದೆ. ನಾವು ಇಪ್ಪತ್ತನ್ನು ಮೊದಲು ಹೇಳಿ ಐದನ್ನು ಸೇರಿಸುತ್ತೇವೆ. ಮರಾಠಿಯಲ್ಲಿ ಐದು ಮುಂದೆ, ಇಪ್ಪತ್ತು ಹಿಂದೆ. ಕೊಡಬೇಕಾದ ಹಣ ಒಂದೇ.

ಕಳೆದ ವಾರ ಕಚೇರಿಯಲ್ಲಿ ಇದೇ ಹಿಂದುಮುಂದು ನಮ್ಮ ಎರಡು ದಿನಗಳನ್ನು ನುಂಗಿತು. ಗೋದಾಮಿನ ಉಷ್ಣಾಂಶ ಮಾಪಕ ಕಳುಹಿಸುವುದು ಎರಡೇ ಬೈಟ್ (ಒಂದು ಬೈಟ್ ಎಂದರೆ 0ರಿಂದ 255ರವರೆಗಿನ ಒಂದು ಸಂಖ್ಯೆ): 0, 25. ನಮ್ಮ ಜಾವಾಸ್ಕ್ರಿಪ್ಟ್ ಪರದೆ ತೋರಿಸಿದ್ದು 6400 ಡಿಗ್ರಿ! ಮಾಪಕ ಕೆಟ್ಟಿದೆ ಎಂದು ಬದಲಾಯಿಸಿದೆವು. ಹೊಸದೂ 6400 ಎಂದಿತು. ಕೊನೆಗೆ ನಮ್ಮ ತಂಡದ ಧಾರವಾಡದ ಹುಡುಗ, "ಸರ್, 25ನ್ನು 256ರಿಂದ ಗುಣಿಸಿದರೆ 6400" ಎಂದ. ಮಾಪಕ ದೊಡ್ಡ ಸ್ಥಾನದ ಬೈಟನ್ನು ಮೊದಲು ಕಳುಹಿಸುತ್ತಿತ್ತು. ನಾವು ಬಳಸಿದ್ದ ಇಂಟ್16ಅರೇ, ಅಂದರೆ ಎರಡೆರಡು ಬೈಟ್‌ಗಳನ್ನು ಒಂದು ಸಂಖ್ಯೆಯಾಗಿ ಓದುವ ಜಾವಾಸ್ಕ್ರಿಪ್ಟ್ ಸಾಧನ, ಯಂತ್ರದ ಕ್ರಮದಲ್ಲೇ ಓದುತ್ತದೆ, ಇಂದಿನ ಲ್ಯಾಪ್‌ಟಾಪ್‌ಗಳು ಸಾಮಾನ್ಯವಾಗಿ ಸಣ್ಣ ಸ್ಥಾನದ್ದನ್ನು ಮೊದಲು ಇಟ್ಟುಕೊಳ್ಳುತ್ತವೆ.

ಹೊರಗಿನಿಂದ ಬರುವ ಬೈಟ್‌ಗಳಿಗೆ, ಓದುವ ಕ್ರಮವನ್ನು ನಾವೇ ಹೇಳಬಹುದಾದ ಜಾವಾಸ್ಕ್ರಿಪ್ಟ್‌ನ ಡೇಟಾವ್ಯೂ ಬಿಟ್ಟು ಬೇರೇನನ್ನೂ ಬಳಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಏನೂ ಹೇಳದಿದ್ದರೆ ಅದು ದೊಡ್ಡದನ್ನು ಮೊದಲಾಗಿಯೇ ಓದುತ್ತದೆ, ನಿಜ. ಆದರೂ ಪ್ರತಿ ಸಲ ಕೊನೆಯಲ್ಲಿ ಟ್ರೂ (ಸಣ್ಣದು ಮೊದಲು) ಅಥವಾ ಫಾಲ್ಸ್ (ದೊಡ್ಡದು ಮೊದಲು) ಬರೆಯಿರಿ. ಮುಂದೆ ಅದನ್ನು ಓದುವವನಿಗೆ ನೀವು ಯೋಚಿಸಿಯೇ ಬರೆದಿದ್ದೀರಿ ಎಂಬುದು ತಿಳಿಯಬೇಕು.

ಬೈಟ್‌ಗಳನ್ನು ಕೈಯಾರೆ ಸರಿಸಿ ಜೋಡಿಸುವವರನ್ನು ಕಂಡರೆ ನನಗೆ ಭಯ. 200 << 24, ಅಂದರೆ 200ರ ಬಿಟ್‌ಗಳನ್ನು (0 ಮತ್ತು 1ರ ಅಂಕಿಗಳನ್ನು) 24 ಸ್ಥಾನ ಎಡಕ್ಕೆ ಸರಿಸಿದರೆ, 3355443200 ಬರಬೇಕಲ್ಲವೇ? ಬರುವುದು -939524096. ಬಿಟ್ ಕ್ರಿಯೆಗಳು ಸಂಖ್ಯೆಯನ್ನು ಚಿಹ್ನೆಸಹಿತ 32 ಬಿಟ್‌ಗೆ ಇಳಿಸಿಬಿಡುತ್ತವೆ. ಮುಂದೆ >>> 0 ಹಾಕಿದರೆ ಋಣಚಿಹ್ನೆ ಹೋಗಿ ಸರಿಯಾಗುತ್ತದೆ, ಆದರೆ ಅದನ್ನು ಒಂದು ಕಡೆ ಮರೆತರೂ ಸಾಕು, ವಿದ್ಯುತ್ ಮೀಟರಿನ ಓದು ಋಣಸಂಖ್ಯೆಯಾಗುತ್ತದೆ. 64 ಬಿಟ್‌ನ ಪೂರ್ಣಾಂಕಗಳಿಗೆ ಬಿಗ್‌ಇಂಟ್ (ಎಷ್ಟೇ ದೊಡ್ಡ ಪೂರ್ಣಾಂಕವನ್ನೂ ನಿಖರವಾಗಿ ಹಿಡಿಯುವ ಜಾವಾಸ್ಕ್ರಿಪ್ಟ್ ಸಂಖ್ಯೆ) ಬೇಕೇ ಬೇಕು. 9007199254740991 ದಾಟಿದ ಮೇಲೆ ಸಾಮಾನ್ಯ ಸಂಖ್ಯೆಗಳನ್ನು ನಂಬುವಂತಿಲ್ಲ.

ಸಂದರ್ಶನಕ್ಕೆ ಬರುವ ಹುಡುಗರು 25ನ್ನು '11001' ಮಾಡಿ ತೋರಿಸಿ "ಬೈನರಿ ಆಯಿತು" ಎನ್ನುತ್ತಾರೆ. ಅದು ಐದು ಅಕ್ಷರಗಳ ಪಠ್ಯ. ತಂತಿಯಲ್ಲಿ ಹೋಗಬೇಕಾದ 25 ಒಂದೇ ಬೈಟ್. ಈ ವ್ಯತ್ಯಾಸವನ್ನು ಯಾರೂ ಅವರಿಗೆ ಕೂರಿಸಿ ಹೇಳಿಕೊಟ್ಟಿಲ್ಲ ಎಂಬುದೇ ನನ್ನ ಸಂಕಟ.

ಆ ಮಾಪಕದ ಕೈಪಿಡಿ ನಲವತ್ತು ಪುಟಗಳಷ್ಟಿದೆ. ಬೈಟ್ ಕ್ರಮದ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ. ತಯಾರಕರಿಗೆ ಇಂದು ಬೆಳಿಗ್ಗೆ ಪತ್ರ ಬರೆದಿದ್ದೇನೆ.