ಮಾಷ್ಟ್ರು ಕಳಿಸಿದ ಒಂದು ನಿಮಿಷದ ಪಾಠ

ಬದಿಯಡ್ಕದ ಹತ್ತಿರ ನಮ್ಮ ಮನೆ. ಬೆಳಿಗ್ಗೆ ಪುತ್ತೂರಿನ ಅಕ್ಕನ ಮನೆಗೆ ಹೊರಟರೆ ಸಂಜೆಗೆ ವಾಪಸ್ ಬರಬಹುದು. ಆದರೆ 1956ರಿಂದ ನಡುವೆ ರಾಜ್ಯದ ಗಡಿ ಇದೆ: ಅಕ್ಕ ಕರ್ನಾಟಕದಲ್ಲಿ, ನಾವು ಕೇರಳದಲ್ಲಿ. ಅಕ್ಕನ ಮಗ, ನನ್ನ ಮಗಳು ಇಬ್ಬರದ್ದೂ ಕನ್ನಡ ಮಾಧ್ಯಮವೇ. ಪಠ್ಯ ಮಾತ್ರ ಬೇರೆ.

2020ರಲ್ಲಿ ಶಾಲೆಗಳು ಮುಚ್ಚಿದಾಗ ಇಬ್ಬರೂ ಒಂಬತ್ತನೇ ಕ್ಲಾಸು. ಅವನಿಗೆ ಚಂದನದಲ್ಲಿ 'ಸಂವೇದ' ಪಾಠ. ಕೇರಳದಲ್ಲಿ ಜೂನ್ 1ಕ್ಕೇ ಸರಕಾರದ ವಿಕ್ಟರ್ಸ್ ಚಾನೆಲ್‌ನಲ್ಲಿ 'ಫಸ್ಟ್ ಬೆಲ್' ಪಾಠ ಶುರುವಾಯಿತು. ಅಷ್ಟು ಬೇಗ ಶುರು ಮಾಡಿದ್ದನ್ನು ಮೆಚ್ಚಲೇಬೇಕು. 2005ರಿಂದಲೇ ಶಿಕ್ಷಣಕ್ಕೆಂದು ಒಂದು ಚಾನೆಲ್ ಇಟ್ಟುಕೊಂಡದ್ದು ಕೈಹಿಡಿಯಿತು. ಆದರೆ ಟಿವಿಯಲ್ಲಿ ಬರುತ್ತಿದ್ದದ್ದು ಹೆಚ್ಚಾಗಿ ಮಲಯಾಳ. ಕನ್ನಡದ ಪಾಠಗಳನ್ನು ಯೂಟ್ಯೂಬಿನಲ್ಲಿ ಹುಡುಕಿ ನೋಡುತ್ತಿದ್ದೆವು. ಚಂದನವನ್ನೂ ಹಾಕಿದೆವು. ಕೇಳಲು ಹಿತ, ನಮ್ಮದೇ ಭಾಷೆ ಅಲ್ವಾ! ಪುಸ್ತಕ ತೆರೆದರೆ ಆ ಪಾಠವೇ ಇರುತ್ತಿರಲಿಲ್ಲ.

ಕೊನೆಗೆ ಮಗಳ ಕೈಹಿಡಿದದ್ದು ಅವಳ ಗಣಿತದ ಮಾಷ್ಟ್ರು. ವೃತ್ತಕೇಂದ್ರದಿಂದ ಜ್ಯಾಕ್ಕೆ (ವೃತ್ತದ ಅಂಚಿನ ಎರಡು ಬಿಂದು ಸೇರಿಸುವ ಗೆರೆಗೆ) ಎಳೆದ ಲಂಬ ಅದನ್ನು ಸರಿಯಾಗಿ ಎರಡು ಪಾಲು ಮಾಡುತ್ತದೆ ಎಂಬುದು ಅವಳಿಗೆ ತಲೆಗೆ ಹೋಗಿರಲಿಲ್ಲ. ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದಳು. ಒಂದು ನಿಮಿಷದ ವಾಯ್ಸ್ ಬಂತು: "ತಟ್ಟೆ ಇಟ್ಟು ಕಾಗದದಲ್ಲಿ ವೃತ್ತ ಎಳೆದು ಕತ್ತರಿಸು ಮಗಾ. ಒಂದು ಜ್ಯಾ ಎಳೆ. ಅದರ ಎರಡು ತುದಿ ಒಂದರ ಮೇಲೊಂದು ಬರುವ ಹಾಗೆ ಮಡಚು. ಇನ್ನೊಂದು ಜ್ಯಾ ಎಳೆದು ಹಾಗೇ ಮಾಡು. ಮಡಿಕೆ ಎರಡೂ ಎಲ್ಲಿ ಸೇರ್ತದೆ ನೋಡು." ರೇಂಜ್ ಸಿಗುವುದು ಅಂಗಳದ ಮೂಲೆಯಲ್ಲಿ ಮಾತ್ರ. ಒಣಗಲು ಹಾಕಿದ ಅಡಿಕೆಯ ಪಕ್ಕ ಕೂತು ಮಡಚಿದಳು. ಜ್ಯಾಗಳನ್ನು ಲಂಬವಾಗಿ ಸರಿ ಅರ್ಧ ಮಾಡಿದ ಎರಡು ಮಡಿಕೆಯೂ ಕೇಂದ್ರದಲ್ಲಿ ಸೇರಿದವು. ಫೋಟೋ ತೆಗೆದು ಕಳಿಸುವಾಗ ಅವಳ ಮುಖ ನೋಡಬೇಕಿತ್ತು.

ಎರಡೂ ರಾಜ್ಯದ ವಿಡಿಯೋಗಳಲ್ಲಿ ಒಳ್ಳೆಯ ಪಾಠಗಳಿದ್ದವು. ಆದರೆ ಮಗು "ಅರ್ಥ ಆಗಲಿಲ್ಲ" ಎಂದರೆ ವಿಡಿಯೋಗೆ ಕೇಳಿಸುವುದಿಲ್ಲ. ಮಾಷ್ಟ್ರಿಗೆ ಕೇಳಿಸುತ್ತದೆ. ಅವಳು ಎಲ್ಲಿ ತಪ್ಪುತ್ತಾಳೆ, ಮನೆಯಲ್ಲಿ ತುಳು ಮಾತಾಡುತ್ತಾಳೆ, ಎಲ್ಲ ಅವರಿಗೆ ಗೊತ್ತು.

ಶಾಲೆ ತೆರೆದ ಮೇಲೆ ಆ ಗ್ರೂಪಿನಲ್ಲಿ ಬರೀ ರಜೆಯ ಸುದ್ದಿ, ಮೀಟಿಂಗಿನ ಸುದ್ದಿ ಬರತೊಡಗಿತು. ನನಗೆ ನಿಜಕ್ಕೂ ಬೇಸರವಾಗುತ್ತದೆ. ಮಕ್ಕಳ ಪ್ರಶ್ನೆಗೆ ಹೀಗೆ ಉತ್ತರ ಕೊಡಲು ವಾರಕ್ಕೆ ಎರಡು ಸಂಜೆ, ಅರ್ಧ ಗಂಟೆ ಸಾಕು. ರಾತ್ರಿಯೆಲ್ಲ ಮಾಷ್ಟ್ರು ಫೋನ್ ಹಿಡಿದು ಕೂರುವುದು ಬೇಡ, ಅವರಿಗೂ ಮನೆ ಮಕ್ಕಳಿದ್ದಾರೆ. ಆ ಸಮಯವನ್ನು ಶಾಲೆಯ ಕೆಲಸದ ಲೆಕ್ಕಕ್ಕೇ ಸೇರಿಸಬೇಕು. ಗಡಿಯಾಚೆಯ ಕನ್ನಡ ವಿಡಿಯೋಗಳಲ್ಲಿ ನಮ್ಮ ಪುಸ್ತಕಕ್ಕೆ ಹೊಂದುವುದು ಯಾವುದು ಎಂದು ಇಲ್ಲಿನ ಟೀಚರುಗಳೇ ಆರಿಸಿ, ಪಾಠದ ಹೆಸರು ಬರೆದು ಗ್ರೂಪಿಗೆ ಹಾಕಲಿ. ಈಗ ನನ್ನ ತಮ್ಮನ ಮಗ ಅದೇ ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ಮೊನ್ನೆ ಜ್ಯಾದ ಲೆಕ್ಕ ಹಿಡಿದು ಬಂದಿದ್ದ. ಮಗಳ ಹಳೇ ಫೋನಿನಲ್ಲಿ ಆ ಒಂದು ನಿಮಿಷದ ವಾಯ್ಸ್ ಇನ್ನೂ ಇತ್ತು. ಅದನ್ನೇ ಹಾಕಿ ಕೊಟ್ಟೆ.